ಪ್ರೊಫೆಸರ್ ಒಪ್ಪಿದ್ದಾರೆ, ಸೀಟೂ ಖಾಲಿ ಇದೆ, ಆದರೂ ರಿಜಿಸ್ಟರ್ ಆಗುತ್ತಿಲ್ಲ. ಯಾಕೆ?

ಪ್ರಶ್ನೆ

ನಮಸ್ಕಾರ. ಈಗ ಮೂರನೇ ಸೆಮಿಸ್ಟರ್ ನಡೆಯುತ್ತಿದೆ, ನಾಲ್ಕನೆಯದಕ್ಕೆ ರಿಜಿಸ್ಟ್ರೇಷನ್ ತೆರೆದಿದೆ. ಎರಡು ವಿಷಯಗಳು ಸಿಗುತ್ತಿಲ್ಲ.

ಮೊದಲನೆಯದು ಸ್ಟ್ಯಾಟಿಸ್ಟಿಕಲ್ ಮಾಡೆಲಿಂಗ್, 4 ಕ್ರೆಡಿಟ್. ಅದರ ಪ್ರೀರಿಕ್ವಿಸಿಟ್, ಅಂದರೆ ಮೊದಲೇ ಮುಗಿಸಿರಬೇಕಾದ ವಿಷಯಗಳ ಷರತ್ತು, ಹೀಗಿದೆ: "ಗಣಿತ 210 ಮತ್ತು ಗಣಿತ 220, ಎರಡರಲ್ಲೂ ಕನಿಷ್ಠ ಸಿ ಗ್ರೇಡ್". 210 ಅಂದರೆ ಪ್ರಾಬಬಿಲಿಟಿ. ಅದು ಈ ಸೆಮಿಸ್ಟರ್‌ನಲ್ಲೇ ನಡೆಯುತ್ತಿದೆ, ಫಲಿತಾಂಶ ಇನ್ನೂ ಬಂದಿಲ್ಲ. 220 ಲೀನಿಯರ್ ಆಲ್ಜೀಬ್ರಾ, ಕಳೆದ ಸೆಮಿಸ್ಟರ್‌ನಲ್ಲೇ ಪಾಸ್/ಫೇಲ್ ಆಯ್ಕೆಯಲ್ಲಿ ಮುಗಿದಿದೆ. ಪೋರ್ಟಲ್ "ಪ್ರೀರಿಕ್ವಿಸಿಟ್ ಪೂರ್ಣವಾಗಿಲ್ಲ" ಅನ್ನುತ್ತಿದೆ. 210 ಇನ್ನೂ ಮುಗಿದಿಲ್ಲ ಎಂದು ಪ್ರೊಫೆಸರ್‌ಗೆ ಬರೆದೆ. "ಪರವಾಗಿಲ್ಲ, ಸೇರಿಕೊಳ್ಳಿ" ಎಂದು ಇಮೇಲ್‌ನಲ್ಲಿ ಒಪ್ಪಿಗೆ ಕೊಟ್ಟರು. ಆಮೇಲೂ ಅದೇ ಸಂದೇಶ ಬರುತ್ತಿದೆ.

ಎರಡನೆಯದು ಡೇಟಾಬೇಸ್, ಲ್ಯಾಬ್ ಸೇರಿ 4 ಕ್ರೆಡಿಟ್. ಅಲ್ಲಿ 52/60 ಎಂದು ಕಾಣುತ್ತಿದೆ. ಎಂಟು ಸೀಟು ಖಾಲಿ ಇದ್ದರೂ ನನ್ನನ್ನು ವೇಟ್‌ಲಿಸ್ಟ್‌ಗೆ ಹಾಕಿದೆ, 7ನೇ ನಂಬರ್.

ಈಗಾಗಲೇ ಸೇರಿಸಿಕೊಂಡಿರುವುದು 18 ಕ್ರೆಡಿಟ್. ಸೆಮಿಸ್ಟರ್‌ಗೆ ಗರಿಷ್ಠ ಮಿತಿ 24. ಎಲ್ಲಿ ತಪ್ಪಾಗುತ್ತಿದೆ? ಯಾರನ್ನು ಕೇಳಬೇಕು?

ಉತ್ತರ 1

ನೀವು ಒಪ್ಪಿಗೆ ಕೇಳಿರುವುದು 210ಕ್ಕೆ. ನಿಮ್ಮನ್ನು ತಡೆಯುತ್ತಿರುವುದು ಬಹುಶಃ 220.

ಪೋರ್ಟಲ್ ನಿಮ್ಮ ದಾಖಲೆಯನ್ನು ಹೇಗೆ ಓದುತ್ತದೆ ಎಂದು ನೋಡಿದರೆ ಇದು ಅರ್ಥವಾಗುತ್ತದೆ. ಪ್ರೀರಿಕ್ವಿಸಿಟ್ ಪರಿಶೀಲನೆಗೆ ಬೇಕಾಗಿರುವುದು ಎರಡೇ: ವಿಷಯದ ಕೋಡ್, ಅದರ ಎದುರಿಗಿರುವ ಗ್ರೇಡ್. ಈಗ ನಡೆಯುತ್ತಿರುವ ವಿಷಯದ ಎದುರು ಗ್ರೇಡ್ ಇರುವುದಿಲ್ಲ, "ನಡೆಯುತ್ತಿದೆ" ಎಂಬ ಗುರುತು ಮಾತ್ರ ಇರುತ್ತದೆ. ಮುಂದಿನ ಸೆಮಿಸ್ಟರ್‌ನ ರಿಜಿಸ್ಟ್ರೇಷನ್ ಫಲಿತಾಂಶಕ್ಕೆ ಮೊದಲೇ ತೆರೆಯುವುದರಿಂದ, ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಈ ಗುರುತನ್ನು ತಾತ್ಕಾಲಿಕವಾಗಿ "ಪೂರ್ಣ" ಎಂದೇ ಲೆಕ್ಕ ಹಾಕುತ್ತಾರೆ. ಹಾಗೆ ಮಾಡದಿದ್ದರೆ ಒಂದರ ಹಿಂದೆ ಒಂದರಂತೆ ಬರುವ ಯಾವ ವಿಷಯಕ್ಕೂ ಯಾರೂ ಸಮಯಕ್ಕೆ ಸೇರಲು ಆಗುವುದಿಲ್ಲ. ಹಾಗಾಗಿ 210ರಿಂದ ತಡೆ ಬಂದಿರುವ ಸಾಧ್ಯತೆ ಕಡಿಮೆ.

220ರ ಕಥೆ ಬೇರೆ. ಪಾಸ್/ಫೇಲ್ ಆಯ್ಕೆಯಲ್ಲಿ ತೆಗೆದುಕೊಂಡ ವಿಷಯಕ್ಕೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬರುವುದು "ಪಿ" ಮಾತ್ರ. ಎ, ಬಿ, ಸಿ ಸಾಲಿನಲ್ಲಿ ಪಿ ಎಲ್ಲೂ ಕೂರುವುದಿಲ್ಲ. ನೀವು 90 ಅಂಕ ತೆಗೆದು ಪಾಸಾಗಿದ್ದೀರೋ, ಡಿ ಮಟ್ಟದಲ್ಲಿ ದಾಟಿಕೊಂಡಿದ್ದೀರೋ ಪೋರ್ಟಲ್‌ಗೆ ಗೊತ್ತಾಗುವುದಿಲ್ಲ. "ಕನಿಷ್ಠ ಸಿ" ಎಂದು ಬರೆದಿರುವ ಕಡೆ ಪಿ ಇದ್ದರೆ ಹೆಚ್ಚಿನ ಪೋರ್ಟಲ್‌ಗಳು "ಇಲ್ಲ" ಅನ್ನುತ್ತವೆ. ಪಾಸ್/ಫೇಲ್ ಆಯ್ಕೆ ಮಾಡುವ ಹೊತ್ತಿಗೆ ಈ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ, ಒಂದೆರಡು ಸೆಮಿಸ್ಟರ್ ಆದ ಮೇಲೆ ಹೀಗೆ ಎದುರಾಗುತ್ತದೆ. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ: ಮುಂದೆ ಯಾವುದಕ್ಕಾದರೂ ಪ್ರೀರಿಕ್ವಿಸಿಟ್ ಆಗುವ ವಿಷಯವನ್ನು ಪಾಸ್/ಫೇಲ್‌ನಲ್ಲಿ ತೆಗೆದುಕೊಳ್ಳಲೇಬೇಡಿ.

ಇನ್ನೊಂದು ಮಾತು. ಪ್ರೊಫೆಸರ್ ಇಮೇಲ್‌ನಲ್ಲಿ ಒಪ್ಪಿದರೆ ಪೋರ್ಟಲ್‌ಗೆ ಗೊತ್ತಾಗುವುದಿಲ್ಲ. ವಿಭಾಗದ ಕಚೇರಿಯವರೋ, ಅಧಿಕಾರ ಇರುವ ಪ್ರೊಫೆಸರೋ ನಿಮ್ಮ ವಿದ್ಯಾರ್ಥಿ ಸಂಖ್ಯೆಗೆ ಓವರ್‌ರೈಡ್ (ತಡೆ ಇದ್ದರೂ ಸೇರಲು ಬಿಡುವ ಅನುಮತಿ) ಹಾಕಬೇಕು. ಆ ಓವರ್‌ರೈಡ್‌ನಲ್ಲಿ ಮೂರು ವಿವರ ಸರಿ ಇರಬೇಕು: ಯಾವ ಸೆಮಿಸ್ಟರ್, ಯಾವ ವಿಷಯದ ಯಾವ ಸೆಕ್ಷನ್, ಯಾವ ಬಗೆಯ ತಡೆ. ಪ್ರೀರಿಕ್ವಿಸಿಟ್‌ಗೆ ಒಂದು ಬಗೆ, ಸೀಟು ಮಿತಿಗೆ ಇನ್ನೊಂದು, ವೇಳಾಪಟ್ಟಿ ಡಿಕ್ಕಿಗೆ ಮತ್ತೊಂದು. ಒಂದರ ಬೀಗದ ಕೈ ಇನ್ನೊಂದಕ್ಕೆ ಹಾಕಿದರೆ ತೆರೆಯುವುದಿಲ್ಲ. ಸೀಟು ಮಿತಿಯ ಓವರ್‌ರೈಡ್ ಕೊಟ್ಟು "ಎಲ್ಲ ಸರಿ ಮಾಡಿದ್ದೇವೆ" ಎಂದು ಕಚೇರಿಯವರು ಹೇಳುವುದು, ವಿದ್ಯಾರ್ಥಿಗೆ ಪ್ರೀರಿಕ್ವಿಸಿಟ್ ತಪ್ಪು ಬರುತ್ತಲೇ ಇರುವುದು, ಇದು ಪದೇ ಪದೇ ಆಗುವ ಎಡವಟ್ಟು.

ಓವರ್‌ರೈಡ್ ಬಿತ್ತು ಅಂದರೆ ಸೇರಿಕೊಂಡ ಹಾಗಲ್ಲ. ಅದು ಬಾಗಿಲು ತೆಗೆಯುತ್ತದೆ ಅಷ್ಟೆ. ನೀವೇ ಮತ್ತೆ ಪೋರ್ಟಲ್‌ಗೆ ಹೋಗಿ ವಿಷಯ ಸೇರಿಸಿ, ಪಟ್ಟಿಯಲ್ಲಿ "ರಿಜಿಸ್ಟರ್ಡ್" ಎಂದು ಬಂದಿದೆಯೇ ನೋಡಬೇಕು.

ಉತ್ತರ 2

ಡೇಟಾಬೇಸ್ ಸೀಟಿನ ಬಗ್ಗೆ ಹೇಳುತ್ತೇನೆ. 52/60 ಅಂದ ಮಾತ್ರಕ್ಕೆ ಆ ಎಂಟೂ ನಿಮಗೆ ತೆರೆದಿವೆ ಎಂದಲ್ಲ. ಸೀಟು ಖಾಲಿ ಕಂಡರೂ ಸಿಗದಿರಲು ಸಾಮಾನ್ಯವಾಗಿ ಇರುವ ಕಾರಣಗಳು ಇವು.

ಕೆಲವು ಸೀಟುಗಳನ್ನು ಒಂದು ಗುಂಪಿಗೆ ಮೀಸಲಿಟ್ಟಿರಬಹುದು: ಕೊನೆಯ ವರ್ಷದವರು, ಆ ವಿಭಾಗದಲ್ಲೇ ಮೇಜರ್ ಮಾಡುವವರು, ಹೊಸದಾಗಿ ಸೇರುವವರು. ಇಂಥ ಮೀಸಲಿಗೆ ಒಂದು ಕೊನೆಯ ದಿನ ಇರುತ್ತದೆ. ಆ ದಿನ ಕಳೆದ ಮೇಲೆ ಉಳಿದ ಸೀಟು ಎಲ್ಲರಿಗೂ ತೆರೆದುಕೊಳ್ಳುತ್ತದೆ. ವಿಷಯದ ಪುಟದಲ್ಲಿ ಕೆಳಗಡೆ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ ಇದು ಬರೆದಿರುತ್ತದೆ.

ಇಲ್ಲವೇ, ವೇಟ್‌ಲಿಸ್ಟ್‌ನಲ್ಲಿ ಜನ ಇರುವಾಗ ಯಾರೋ ಬಿಟ್ಟ ಸೀಟು ಸಾಲಿನಲ್ಲಿ ಮುಂದೆ ಇರುವವರಿಗೆ ಕಾದಿರಿಸಲಾಗಿರುತ್ತದೆ. ಅವರಿಗೆ ಸೂಚನೆ ಹೋಗಿ, 24 ಗಂಟೆಯೋ ಎಷ್ಟೋ ಅವಧಿ ಕೊಟ್ಟಿರುತ್ತಾರೆ. ಅಷ್ಟು ಹೊತ್ತೂ ಸೀಟು ಖಾಲಿಯಂತೆಯೇ ಕಾಣುತ್ತದೆ.

ಒಂದೇ ತರಗತಿಯನ್ನು ಎರಡು ವಿಭಾಗಗಳು ಎರಡು ಕೋಡ್‌ನಲ್ಲಿ ಪಟ್ಟಿ ಮಾಡುವುದೂ ಉಂಟು. ಒಂದು ಕೋಡ್‌ಗೆ 40, ಇನ್ನೊಂದಕ್ಕೆ 30 ಎಂದು ಬರೆದಿದ್ದು, ಎರಡೂ ಸೇರಿ ಮಿತಿ 60 ಇದ್ದರೆ ಒಂದು ಕಡೆ 30 ಭರ್ತಿಯಾದ ಕೂಡಲೇ ಇನ್ನೊಂದು ಕಡೆ 30ಕ್ಕೇ ನಿಂತುಬಿಡುತ್ತದೆ. ಆ ಕಡೆ ಹತ್ತು ಸೀಟು ಖಾಲಿ ಕಾಣುತ್ತದೆ, ಆದರೆ ಕೋಣೆ ತುಂಬಿರುತ್ತದೆ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಅನುಮಾನ ಇರುವುದು ಲ್ಯಾಬ್ ಮೇಲೆ. ಲ್ಯಾಬ್ ಜೋಡಿಸಿರುವ ವಿಷಯದಲ್ಲಿ 60 ಎಂಬ ಸಂಖ್ಯೆ ಉಪನ್ಯಾಸದ್ದು. ನಿಜವಾದ ಮಿತಿ ಇರುವುದು ಲ್ಯಾಬ್ ಬ್ಯಾಚ್‌ನಲ್ಲಿ. ಅಲ್ಲಿ ಎಷ್ಟು ಕಂಪ್ಯೂಟರ್ ಇದೆಯೋ, ಒಬ್ಬ ಬೋಧಕರು ಎಷ್ಟು ಜನರನ್ನು ನೋಡಿಕೊಳ್ಳಬಲ್ಲರೋ ಅಷ್ಟೇ. ಉಪನ್ಯಾಸ ಮತ್ತು ಲ್ಯಾಬ್ ಎರಡರಲ್ಲೂ ಜಾಗ ಇದ್ದರೆ ಮಾತ್ರ ಪೋರ್ಟಲ್ ಒಳಗೆ ಬಿಡುತ್ತದೆ. ಇದರಲ್ಲಿ ಎಷ್ಟು ಲ್ಯಾಬ್ ಬ್ಯಾಚ್ ಇದೆ, ಪ್ರತಿಯೊಂದರಲ್ಲಿ ಎಷ್ಟು ಜನ ಇದ್ದಾರೆ, ನೀವು ಯಾವ ಬ್ಯಾಚ್ ಆರಿಸಿ ವೇಟ್‌ಲಿಸ್ಟ್ ಸೇರಿದಿರಿ ಎಂದು ನೋಡಿ ಹೇಳಿ.

ಪ್ರಶ್ನೆ ಕೇಳಿದವರು

ನೋಡಿದೆ. ಮೂರು ಲ್ಯಾಬ್ ಬ್ಯಾಚ್ ಇವೆ. ಮೊದಲನೆಯದು 20/20, ಎರಡನೆಯದು 20/20, ಮೂರನೆಯದು 12/20. ನಾನು ಆರಿಸಿದ್ದು ಬ್ಯಾಚ್ 1. ಮೂರನೆಯದು ಬುಧವಾರ ಮಧ್ಯಾಹ್ನ 2ರಿಂದ 4. ಆ ಹೊತ್ತಿಗೆ ನನಗೆ 2 ಕ್ರೆಡಿಟ್‌ನ ಸಂವಹನ ಕೌಶಲ ತರಗತಿ ಇದೆ, ಅದಕ್ಕೇ ಬಿಟ್ಟೆ. ಕೆಳಗೆ ಟಿಪ್ಪಣಿಯೂ ಇದೆ: "ಬ್ಯಾಚ್ 3ರಲ್ಲಿ 4 ಸೀಟು 10ನೇ ತಾರೀಖಿನವರೆಗೆ ಕೊನೆಯ ವರ್ಷದವರಿಗೆ". 220 ವಿಚಾರ ನನಗೆ ಹೊಳೆದೇ ಇರಲಿಲ್ಲ. ಟ್ರಾನ್ಸ್‌ಕ್ರಿಪ್ಟ್ ತೆಗೆದು ನೋಡಿದೆ, ಪಿ ಅಂತಲೇ ಇದೆ.

ಉತ್ತರ 2

ಈಗ ಲೆಕ್ಕ ಸರಿಹೋಯಿತು. 20, 20, 12 ಸೇರಿದರೆ 52. ಎಂಟು ಖಾಲಿಯೂ ಇರುವುದು ಬ್ಯಾಚ್ 3ರಲ್ಲೇ. ಅದರಲ್ಲಿ ನಾಲ್ಕು ಮೀಸಲು ಕಳೆದರೆ ನಿಮ್ಮಂಥವರಿಗೆ ಇವತ್ತು ನಾಲ್ಕು ಸೀಟು ತೆರೆದಿದೆ. ನೀವು ಭರ್ತಿಯಾದ ಬ್ಯಾಚ್‌ನ ಬಾಗಿಲಲ್ಲಿ ಏಳನೆಯವರಾಗಿ ನಿಂತಿದ್ದೀರಿ. ಅಲ್ಲಿ ಏಳು ಜನ ಬಿಟ್ಟುಹೋಗುವವರೆಗೆ ಸರದಿ ಬರುವುದಿಲ್ಲ. 20 ಜನರ ಬ್ಯಾಚ್‌ನಲ್ಲಿ ಏಳು ಜನ ಬಿಡುವುದು ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅದನ್ನು ನಂಬಿ ಕೂರಬೇಡಿ.

ಬ್ಯಾಚ್ 3ಕ್ಕೆ ಹೋಗಿ. ಆದರೆ ಈಗಿನ ವೇಟ್‌ಲಿಸ್ಟ್ ಜಾಗವನ್ನು ಅಳಿಸಿ ಆಮೇಲೆ ಹೊಸದನ್ನು ಹುಡುಕಬೇಡಿ. ಪೋರ್ಟಲ್‌ನಲ್ಲಿ "ಸ್ವಾಪ್" ಅಥವಾ "ಬದಲಿಸಿ" ಎಂಬ ಆಯ್ಕೆ ಇದ್ದರೆ ಅದನ್ನೇ ಬಳಸಿ. ಹೊಸ ಸೀಟು ಸಿಕ್ಕರೆ ಮಾತ್ರ ಹಳೆಯದು ಬಿಡುತ್ತದೆ, ಸಿಗದಿದ್ದರೆ ಎಲ್ಲವೂ ಇದ್ದಂತೆಯೇ ಉಳಿಯುತ್ತದೆ. ಒಂದೊಂದಾಗಿ ಅಳಿಸಿ ಸೇರಿಸುವಾಗ ಆ ಎರಡು ನಿಮಿಷದಲ್ಲೇ ಬೇರೊಬ್ಬರು ಸೀಟು ತೆಗೆದುಕೊಂಡರೆ ಎರಡೂ ಕಡೆಯಿಂದ ಹೊರಗೆ.

ಉತ್ತರ 3

ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ, ಆದರೆ ಕ್ರೆಡಿಟ್ ಮಿತಿ ಯಾರ ಕಣ್ಣಿಗೂ ಬಿದ್ದಿಲ್ಲ. ಈಗ 18 ಇದೆ. ಮಾಡೆಲಿಂಗ್ 4, ಡೇಟಾಬೇಸ್ 4 ಸೇರಿದರೆ 26. ಮಿತಿ 24. ಪ್ರೀರಿಕ್ವಿಸಿಟ್ ಸರಿಹೋಗಿ, ಸೀಟೂ ಸಿಕ್ಕಿದರೂ ಎರಡನೇ ವಿಷಯ ಸೇರಿಸುವಾಗ ಪೋರ್ಟಲ್ ಮತ್ತೆ ನಿಲ್ಲಿಸುತ್ತದೆ.

ವೇಟ್‌ಲಿಸ್ಟ್‌ನಲ್ಲೇ ಉಳಿದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಅನೇಕ ವ್ಯವಸ್ಥೆಗಳು ಕ್ರೆಡಿಟ್ ಮಿತಿಯನ್ನು ವೇಟ್‌ಲಿಸ್ಟ್ ಸೇರುವಾಗ ನೋಡುವುದಿಲ್ಲ, ಸೀಟು ಕೊಡುವ ಕ್ಷಣದಲ್ಲಿ ನೋಡುತ್ತವೆ. ನೀವು ಆ ಹೊತ್ತಿಗೆ ಮಾಡೆಲಿಂಗ್ ಸೇರಿ 22ರಲ್ಲಿ ಇದ್ದಿದ್ದರೆ, ಸರದಿ ಬಂದಾಗ 26 ಆಗುತ್ತದೆಂದು ನಿಮ್ಮನ್ನು ಸದ್ದಿಲ್ಲದೆ ದಾಟಿ 8ನೆಯವರಿಗೆ ಸೀಟು ಕೊಟ್ಟುಬಿಡುತ್ತಿತ್ತು. "ನನ್ನ ಹಿಂದೆ ಇದ್ದವರಿಗೆ ಸಿಕ್ಕಿತು, ಮೋಸ ಆಗಿದೆ" ಎಂಬ ದೂರುಗಳಲ್ಲಿ ದೊಡ್ಡ ಪಾಲು ಇಂಥವೇ: ಕ್ರೆಡಿಟ್ ಮಿತಿ, ವೇಳೆಯ ಡಿಕ್ಕಿ, ಇಲ್ಲವೇ ಶುಲ್ಕ ಬಾಕಿಯ ತಡೆ. ಸಾಲಿನಲ್ಲಿ ಇರುವಷ್ಟು ದಿನವೂ ಸೀಟು ಸಿಕ್ಕ ಕ್ಷಣದಲ್ಲಿ ಹತ್ತಲು ನಿಮ್ಮ ಪಟ್ಟಿ ಸಿದ್ಧವಾಗಿರಬೇಕು.

ನಿಮ್ಮ ಸಂದರ್ಭದಲ್ಲಿ ಒಂದೇ ಹೆಜ್ಜೆಗೆ ಎರಡು ತಡೆ ಹೋಗುತ್ತದೆ. ಸಂವಹನ ಕೌಶಲ ಬಿಡಿ. ಬುಧವಾರ ಮಧ್ಯಾಹ್ನ ಖಾಲಿಯಾಗುತ್ತದೆ, ಬ್ಯಾಚ್ 3 ಕೂರುತ್ತದೆ. ಕ್ರೆಡಿಟ್ 18ರಿಂದ 16ಕ್ಕೆ ಇಳಿಯುತ್ತದೆ. ಡೇಟಾಬೇಸ್ ಸೇರಿದರೆ 20, ಮಾಡೆಲಿಂಗ್ ಸೇರಿದರೆ ಸರಿಯಾಗಿ 24. ಸಂವಹನ ಕೌಶಲವನ್ನು ಬೇರೆ ದಿನದ ಸೆಕ್ಷನ್‌ಗೆ ಬದಲಿಸಿದರೆ ವೇಳೆ ಸರಿಹೋಗುತ್ತದೆ, ಆದರೆ ಕ್ರೆಡಿಟ್ 26ರಲ್ಲೇ ನಿಲ್ಲುತ್ತದೆ. ಆದ್ದರಿಂದ ಬದಲಿಸುವುದು ಸಾಲದು, ಮುಂದಿನ ಸೆಮಿಸ್ಟರ್‌ಗೆ ತಳ್ಳಬೇಕು. ಅದಕ್ಕೆ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ: ಅದು ಪ್ರತಿ ಸೆಮಿಸ್ಟರ್‌ನಲ್ಲೂ ಇರುತ್ತದೆಯೇ? ಅದು ಬೇರೆ ಯಾವುದಕ್ಕಾದರೂ ಪ್ರೀರಿಕ್ವಿಸಿಟ್ ಆಗಿದೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದಾದರೆ ಮುಂದೂಡುವುದರಿಂದ ಏನೂ ಕೆಡುವುದಿಲ್ಲ.

ಮಿತಿ ದಾಟಲು ಅರ್ಜಿ ಹಾಕಿ 26 ತೆಗೆದುಕೊಳ್ಳುವ ದಾರಿಯೂ ಇರುತ್ತದೆ. ಸಾಮಾನ್ಯವಾಗಿ ಒಳ್ಳೆಯ ಸರಾಸರಿ, ಅಡ್ವೈಸರ್ ಸಹಿ, ಡೀನ್ ಕಚೇರಿಯ ಒಪ್ಪಿಗೆ ಬೇಕು. ನಾನಾದರೆ ಬೇಡ ಅನ್ನುತ್ತೇನೆ. ಕ್ರೆಡಿಟ್ ಅಂದರೆ ಬರೀ ತರಗತಿಯ ಗಂಟೆ ಅಲ್ಲ. ಅಮೆರಿಕದ ಪದ್ಧತಿಯಲ್ಲಿ ಒಂದು ಕ್ರೆಡಿಟ್‌ಗೆ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆ ತರಗತಿ, ಹೊರಗೆ ಎರಡು ಗಂಟೆ ಓದು ಎಂದು ಲೆಕ್ಕ. ಆ ಅಳತೆಗೆ 24 ಕ್ರೆಡಿಟ್ ಅಂದರೆ ವಾರಕ್ಕೆ 72 ಗಂಟೆ, 26 ಅಂದರೆ 78. ಯುರೋಪಿನ ಕ್ರೆಡಿಟ್ ಪದ್ಧತಿಯಾದ ಇಸಿಟಿಎಸ್‌ನಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ. ಹಾಗಾಗಿ ಸೆಮಿಸ್ಟರ್‌ಗೆ ಅಲ್ಲಿನ 30 ಮತ್ತು ಇಲ್ಲಿನ 24 ಎಂದು ಸಂಖ್ಯೆ ಹಿಡಿದು ಹೋಲಿಸುವುದಕ್ಕೂ ಆಗುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಕ್ರೆಡಿಟ್‌ಗೆ ಎಷ್ಟು ಗಂಟೆ ಎಂದು ನಿಯಮಾವಳಿಯಲ್ಲಿ ಬರೆದಿರುತ್ತದೆ, ಅದನ್ನು ಗುಣಿಸಿ ನೋಡಿ ತೀರ್ಮಾನ ಮಾಡಿ.

ಬಿಡುವಾಗ ಕೆಳಮಿತಿಯನ್ನೂ ನೋಡಿಕೊಳ್ಳಿ. ನಿಮಗೆ ಈಗ ಆ ಭಯ ಇಲ್ಲ. ಆದರೆ ಪೂರ್ಣಾವಧಿ ವಿದ್ಯಾರ್ಥಿ ಎನಿಸಿಕೊಳ್ಳಲು ಕನಿಷ್ಠ ಕ್ರೆಡಿಟ್ ಬೇಕು, ವಿದ್ಯಾರ್ಥಿವೇತನ, ಹಾಸ್ಟೆಲ್, ವಿದೇಶದಲ್ಲಿದ್ದರೆ ವೀಸಾ ಅದಕ್ಕೆ ಕಟ್ಟಿಕೊಂಡಿರುತ್ತವೆ.

ಉತ್ತರ 4

ನಿಯಮದ ಕೆಲಸ ಇವರೆಲ್ಲ ಬಿಡಿಸಿ ಹೇಳಿದ್ದಾರೆ. ಓವರ್‌ರೈಡ್ ಸಿಗುತ್ತದೆ ಎಂದಾದ ಮೇಲೂ ತೆಗೆದುಕೊಳ್ಳಬೇಕೇ ಎಂಬ ಪ್ರಶ್ನೆ ಉಳಿದಿದೆ, ಅದಕ್ಕೆ ಉತ್ತರ ಬೇಕು.

ಪ್ರೀರಿಕ್ವಿಸಿಟ್‌ಗಳಲ್ಲಿ ಎರಡು ಬಗೆ ಇವೆ. ಕೆಲವು ಆಡಳಿತದ ಅನುಕೂಲಕ್ಕೆ ಇರುವಂಥವು: "ಎರಡನೇ ವರ್ಷ ಮುಗಿಸಿರಬೇಕು", "ಈ ವಿಭಾಗದವರಾಗಿರಬೇಕು". ಅವನ್ನು ದಾಟಿಕೊಂಡು ಹೋದರೆ ಕಲಿಕೆಗೆ ತೊಂದರೆ ಆಗುವುದಿಲ್ಲ. ಇನ್ನು ಕೆಲವು ಒಂದರ ಮೇಲೊಂದು ಕಟ್ಟಿದ ಇಟ್ಟಿಗೆ. ಮಾಡೆಲಿಂಗ್‌ಗೆ ಲೀನಿಯರ್ ಆಲ್ಜೀಬ್ರಾ ಎರಡನೇ ಬಗೆಯದು. ರಿಗ್ರೆಷನ್ ಶುರುವಾದ ಮೊದಲ ಎರಡು ವಾರದಲ್ಲೇ ದತ್ತಾಂಶವನ್ನು ಮ್ಯಾಟ್ರಿಕ್ಸ್ ಆಗಿ ಬರೆದು, ಅದರ ಟ್ರಾನ್ಸ್‌ಪೋಸ್‌ನಿಂದ ಗುಣಿಸಿ, ಸಮೀಕರಣ ಬಿಡಿಸಿ ಗುಣಾಂಕ ತೆಗೆಯಬೇಕು. ಮ್ಯಾಟ್ರಿಕ್ಸ್‌ಗೆ ಇನ್ವರ್ಸ್ ಯಾವಾಗ ಇರುವುದಿಲ್ಲ, ರ‍್ಯಾಂಕ್ ಅಂದರೆ ಏನು, ಒಂದು ವೆಕ್ಟರನ್ನು ಒಂದು ತಲದ ಮೇಲೆ ಪ್ರೊಜೆಕ್ಟ್ ಮಾಡುವುದು ಹೇಗೆ, ಇಷ್ಟು ಕೈಯಲ್ಲಿ ಇಲ್ಲದಿದ್ದರೆ ಆ ಎರಡು ವಾರದಲ್ಲೇ ತರಗತಿ ಕೈತಪ್ಪುತ್ತದೆ. ಪ್ರಾಬಬಿಲಿಟಿಯಿಂದ ಬೇಕಾಗುವುದು ನಿರೀಕ್ಷಿತ ಮೌಲ್ಯ, ವೇರಿಯನ್ಸ್, ಕೋವೇರಿಯನ್ಸ್, ನಾರ್ಮಲ್ ಹಂಚಿಕೆ, ಷರತ್ತಿನ ಸಂಭವನೀಯತೆ.

ಹಾಗಾಗಿ ಸೇರುವ ಮೊದಲು 220ರ ಕೊನೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಪುಸ್ತಕ ನೋಡದೆ ಬಿಡಿಸಿ. ಮುಕ್ಕಾಲು ಭಾಗ ಬಂದರೆ ಧೈರ್ಯವಾಗಿ ಸೇರಿ. ಅರ್ಧವೂ ಬರದಿದ್ದರೆ ಓವರ್‌ರೈಡ್ ಸಿಕ್ಕಿದರೂ ಬೇಡ. ನಿಯಮ ಬರೆದವರು ನಿಮ್ಮನ್ನು ತಡೆಯಲೆಂದು ಬರೆದದ್ದಲ್ಲ. ಸಿ ಗಿಂತ ಕಡಿಮೆ ತಯಾರಿಯಲ್ಲಿ ಬಂದವರು ಮುಂದಿನ ತರಗತಿಯಲ್ಲಿ ಬೀಳುತ್ತಾರೆ ಎಂಬುದೇ ಅದರ ಹಿಂದಿರುವ ಕಾಳಜಿ.

ಇನ್ನೊಂದು ಕಡೆಯಿಂದಲೂ ನೋಡಿ. ಮಾಡೆಲಿಂಗ್ ವರ್ಷಕ್ಕೆ ಒಂದೇ ಸಲ ಬರುವ ವಿಷಯವೇ? ಹಾಗಿದ್ದರೆ ಈಗ ಬಿಟ್ಟರೆ ಆರನೇ ಸೆಮಿಸ್ಟರ್‌ವರೆಗೆ ಕಾಯಬೇಕು. ಅದರ ಮೇಲೆ ನಿಂತಿರುವ ವಿಷಯಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಮೇಲಿನಿಂದ ಅಲ್ಲ, ಕೊನೆಯಿಂದ. ಎಂಟನೇ ಸೆಮಿಸ್ಟರ್‌ನ ಪ್ರಾಜೆಕ್ಟ್ ಬರೆದು, ಅದಕ್ಕೆ ಬೇಕಾದ ವಿಷಯಕ್ಕೆ ಬಾಣ ಎಳೆಯಿರಿ, ಅದಕ್ಕೆ ಬೇಕಾದದ್ದಕ್ಕೆ ಇನ್ನೊಂದು ಬಾಣ. ಉದ್ದವಾದ ಸರಪಳಿ ಯಾವುದೋ ಅದೇ ನಿಮ್ಮ ಪದವಿಯ ಕಾಲವನ್ನು ನಿರ್ಧರಿಸುತ್ತದೆ. ಆ ಸರಪಳಿಯ ಮೇಲಿರುವ ವಿಷಯಕ್ಕೆ ಮೊದಲ ಜಾಗ, ಉಳಿದದ್ದು ಎಲ್ಲಿ ಬೇಕಾದರೂ ಕೂರುತ್ತದೆ. ಮಾಡೆಲಿಂಗ್ ಅದರಲ್ಲಿ ಇದ್ದು, ಡೇಟಾಬೇಸ್ ಇಲ್ಲದಿದ್ದರೆ, ಒಂದನ್ನೇ ಉಳಿಸಿಕೊಳ್ಳಬೇಕಾಗಿ ಬಂದಾಗ ಯಾವುದನ್ನು ಎಂದು ನಿಮಗೆ ಗೊತ್ತಿರುತ್ತದೆ.

ಇದರ ಜೊತೆಗೇ ಒಂದು ಸೂಕ್ಷ್ಮ: ಪೋರ್ಟಲ್ ಸಾಮಾನ್ಯವಾಗಿ ಒಂದೇ ಮೆಟ್ಟಿಲು ಹಿಂದಕ್ಕೆ ನೋಡುತ್ತದೆ. ಮಾಡೆಲಿಂಗ್‌ಗೆ 210 ಬೇಕು, 210ಕ್ಕೆ ಕ್ಯಾಲ್ಕುಲಸ್ ಬೇಕು ಎಂದಿದ್ದರೆ, ಮಾಡೆಲಿಂಗ್ ಸೇರುವಾಗ ಕ್ಯಾಲ್ಕುಲಸ್ ಆಗಿದೆಯೇ ಎಂದು ಅದು ಕೇಳುವುದಿಲ್ಲ. ಓವರ್‌ರೈಡ್‌ನಲ್ಲಿ ಒಂದು ಮೆಟ್ಟಿಲು ಹಾರಿದವರು ಮುಂದೆ ಎಲ್ಲ ಕಡೆಯೂ ಅಡ್ಡಿಯಿಲ್ಲದೆ ಸೇರಿಕೊಳ್ಳುತ್ತಾರೆ. ಆದರೆ ಪದವಿ ಪರಿಶೀಲನೆ ಬೇರೆಯೇ ನಡೆಯುತ್ತದೆ. ಹಾರಿದ ವಿಷಯ ಕಡ್ಡಾಯವಾಗಿದ್ದರೆ ಕೊನೆಯ ಸೆಮಿಸ್ಟರ್‌ನಲ್ಲಿ ಅದು ಬಾಕಿ ಎಂದು ಬರುತ್ತದೆ. ಪ್ರೀರಿಕ್ವಿಸಿಟ್‌ನಿಂದ ವಿನಾಯಿತಿ ಸಿಕ್ಕಿತೆಂದರೆ ಆ ವಿಷಯ ಮುಗಿಸಿದ ಕ್ರೆಡಿಟ್ ಸಿಕ್ಕಿತೆಂದಲ್ಲ.

ಉತ್ತರ 1

ಮೇಲಿನ ಮಾತಿಗೆ ಸಣ್ಣ ತಿದ್ದುಪಡಿ. ನಿಮ್ಮದು ಹಾರಿದ ಪ್ರಕರಣ ಅಲ್ಲ. 220 ಮುಗಿದಿದೆ, ಅದರ ಕ್ರೆಡಿಟ್ ದಾಖಲೆಯಲ್ಲಿದೆ, ಗ್ರೇಡ್ ಮಾತ್ರ ಮುಚ್ಚಿಕೊಂಡಿದೆ. ನಿಮಗೆ ಬೇಕಾಗಿರುವುದು ವಿನಾಯಿತಿ ಅಲ್ಲ, ಮುಚ್ಚಿರುವ ಗ್ರೇಡ್ ಸಿ ಅಥವಾ ಅದಕ್ಕಿಂತ ಮೇಲಿದೆ ಎಂಬ ದೃಢೀಕರಣ. ಇದನ್ನು ಕೇಳುವ ರೀತಿಯೂ ಬೇರೆ, ಒಪ್ಪಿಗೆ ಸಿಗುವುದೂ ಸುಲಭ. ಕೆಲವು ಕಡೆ ಪಿ ಅನ್ನು ಮೂಲ ಗ್ರೇಡ್‌ಗೆ ತಿರುಗಿಸಿ ತೋರಿಸುವ ಅರ್ಜಿಯೂ ಇರುತ್ತದೆ. ಒಮ್ಮೆ ತಿರುಗಿಸಿದರೆ ಹಿಂದಕ್ಕೆ ಬರುವುದಿಲ್ಲ, ನಿಮ್ಮ ಸರಾಸರಿಗೂ ಸೇರುತ್ತದೆ. ಅದಕ್ಕೆ ಕೈ ಹಾಕುವ ಮುನ್ನ ಗ್ರೇಡ್ ಏನೆಂದು ತಿಳಿದುಕೊಳ್ಳಿ.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ಸಂವಹನ ಕೌಶಲ ಪ್ರತಿ ಸೆಮಿಸ್ಟರ್‌ನಲ್ಲೂ ಇದೆ, ಯಾವುದಕ್ಕೂ ಪ್ರೀರಿಕ್ವಿಸಿಟ್ ಅಲ್ಲ. ಅದನ್ನು ಬಿಟ್ಟು ಬ್ಯಾಚ್ 3ಕ್ಕೆ ಬದಲಿಸಿದೆ, ಡೇಟಾಬೇಸ್ "ರಿಜಿಸ್ಟರ್ಡ್" ಎಂದು ಬಂತು. ಈಗ 20 ಕ್ರೆಡಿಟ್. ಹಳೆಯ ವೇಟ್‌ಲಿಸ್ಟ್ ನಮೂದು ತಾನೇ ಹೋಗಿದೆ. ವಿಭಾಗದ ಕಚೇರಿಗೆ ಏನೆಂದು ಬರೆಯಬೇಕು? ಹಿಂದಿನ ಸಲ ಪ್ರೊಫೆಸರ್‌ಗೆ ಬರೆದದ್ದು ಉದ್ದವಾಗಿತ್ತು, ಆದರೂ ತಪ್ಪು ವಿಷಯವನ್ನೇ ಕೇಳಿದ್ದೆ.

ಉತ್ತರ 1

ಉದ್ದ ಬೇಡ. ಓದುವವರು ಇನ್ನೊಂದು ಪುಟ ತೆರೆಯದೆ ಅಲ್ಲಿಂದಲೇ ಓವರ್‌ರೈಡ್ ಹಾಕುವಷ್ಟು ವಿವರ ಇದ್ದರೆ ಸಾಕು. ಹೀಗೆ ಬರೆಯಿರಿ:

"ಮಾನ್ಯರೆ, ನನ್ನ ವಿದ್ಯಾರ್ಥಿ ಸಂಖ್ಯೆ ಇಂತಿಷ್ಟು. ಮುಂದಿನ ಸೆಮಿಸ್ಟರ್‌ನ ಸ್ಟ್ಯಾಟಿಸ್ಟಿಕಲ್ ಮಾಡೆಲಿಂಗ್, ಸೆಕ್ಷನ್ ಇಂಥದ್ದು, ಇದಕ್ಕೆ ರಿಜಿಸ್ಟರ್ ಆಗುವಾಗ 'ಪ್ರೀರಿಕ್ವಿಸಿಟ್ ಪೂರ್ಣವಾಗಿಲ್ಲ' ಎಂದು ಬರುತ್ತಿದೆ. ಗಣಿತ 210 ಈ ಸೆಮಿಸ್ಟರ್‌ನಲ್ಲಿ ನಡೆಯುತ್ತಿದೆ. ಗಣಿತ 220 ಕಳೆದ ಸೆಮಿಸ್ಟರ್‌ನಲ್ಲಿ ಪಾಸ್/ಫೇಲ್ ಆಯ್ಕೆಯಲ್ಲಿ ಮುಗಿದಿದ್ದು, ದಾಖಲೆಯಲ್ಲಿ ಪಿ ಇರುವುದರಿಂದ ಕನಿಷ್ಠ ಸಿ ಎಂಬ ಷರತ್ತು ದಾಟುತ್ತಿಲ್ಲ ಎಂದು ತೋರುತ್ತದೆ. ಮೂಲ ಗ್ರೇಡ್ ಪರಿಶೀಲಿಸಿ, ಅದು ಸಿ ಅಥವಾ ಹೆಚ್ಚಿದ್ದರೆ ಪ್ರೀರಿಕ್ವಿಸಿಟ್ ಓವರ್‌ರೈಡ್ ನೀಡಬೇಕಾಗಿ ಕೋರುತ್ತೇನೆ. ಬೋಧಕರ ಒಪ್ಪಿಗೆಯ ಇಮೇಲ್, ತಪ್ಪು ಸಂದೇಶದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಸೆಕ್ಷನ್‌ನಲ್ಲಿ ಸೀಟು ಇದೆ, ನನ್ನ ಕ್ರೆಡಿಟ್ ಮಿತಿಯೊಳಗಿದೆ."

ಕೊನೆಯ ಸಾಲನ್ನು ಬಿಡಬೇಡಿ. ಬೇರೆ ತಡೆಗಳು ಇಲ್ಲ ಎಂದು ಅವರಿಗೆ ಅಲ್ಲೇ ತಿಳಿಯುತ್ತದೆ, ವಾಪಸ್ ಪ್ರಶ್ನೆ ಕೇಳುವ ಎರಡು ದಿನ ಉಳಿಯುತ್ತದೆ. ಹಿಂದೆ ಒಪ್ಪಿದ ಪ್ರೊಫೆಸರ್‌ಗೂ ಪ್ರತಿ ಕಳಿಸಿ. ಅವರು ಒಪ್ಪಿದ್ದು 210ರ ವಿಚಾರಕ್ಕೆ, 220ರ ಪಿ ಅವರ ಗಮನಕ್ಕೂ ಬರಬೇಕು.

ಉತ್ತರ 3

ರಿಜಿಸ್ಟರ್ ಆದ ಮೇಲಿನ ಕೆಲಸ. 210 ಇನ್ನೂ "ನಡೆಯುತ್ತಿದೆ" ಎಂಬ ನಂಬಿಕೆಯ ಮೇಲೆ ನಿಮ್ಮನ್ನು ಒಳಗೆ ಬಿಟ್ಟಿರುತ್ತಾರೆ. ಫಲಿತಾಂಶ ಬಂದ ಮೇಲೆ ಪರಿಶೀಲನೆ ಮತ್ತೆ ನಡೆಯುತ್ತದೆ. ಸಿ ಬಾರದೆ ಡಿ ಬಂದರೆ 210 ಪಾಸಾಗಿರುತ್ತದೆ, ಕ್ರೆಡಿಟ್ಟೂ ಸಿಗುತ್ತದೆ, ಆದರೆ ಮಾಡೆಲಿಂಗ್‌ನಿಂದ ಹೆಸರು ತೆಗೆಯುತ್ತಾರೆ. ಕೆಲವು ಕಡೆ ತಾನೇ ತೆಗೆಯುತ್ತದೆ, ಕೆಲವು ಕಡೆ ಪಟ್ಟಿ ವಿಭಾಗಕ್ಕೆ ಹೋಗಿ ಅವರು ತೆಗೆಯುತ್ತಾರೆ. ಇಮೇಲ್ ಬರುತ್ತದೆ ಎಂದು ಕಾಯಬೇಡಿ, ಗ್ರೇಡ್ ಪ್ರಕಟವಾದ ಮರುದಿನವೇ ಪಟ್ಟಿ ತೆರೆದು ನೋಡಿ. 210 ಕಷ್ಟವಾಗಿ ಮಧ್ಯದಲ್ಲೇ ವಿತ್‌ಡ್ರಾ ಮಾಡಿದರೂ ಇದೇ ಗತಿ: ಅಲ್ಲಿ ಡಬ್ಲ್ಯೂ ಬಿದ್ದ ಕೂಡಲೇ ಇಲ್ಲಿನ ಷರತ್ತು ಮುರಿಯುತ್ತದೆ.

ಹಾಗೇನಾದರೂ ಮಾಡೆಲಿಂಗ್ ಹೋದರೆ 20 ಕ್ರೆಡಿಟ್ ಉಳಿಯುತ್ತದೆ, ತೊಂದರೆ ಇಲ್ಲ. ಸಂವಹನ ಕೌಶಲದ ಬೇರೆ ದಿನದ ಸೆಕ್ಷನ್‌ನಲ್ಲಿ ಸೀಟು ಇದ್ದರೆ ಆಗ ಸೇರಿಸಿಕೊಳ್ಳಬಹುದು. ಹೊಸ ವಿಷಯ ಸೇರಿಸುವ ಗಡುವು ಸಾಮಾನ್ಯವಾಗಿ ತರಗತಿ ಶುರುವಾದ ಒಂದೆರಡು ವಾರದೊಳಗೆ ಮುಗಿಯುತ್ತದೆ, ಬಿಡುವ ಗಡುವು ಅದಕ್ಕಿಂತ ಮುಂದೆ ಇರುತ್ತದೆ. ಎರಡೂ ದಿನಾಂಕವನ್ನು ಶೈಕ್ಷಣಿಕ ಕ್ಯಾಲೆಂಡರ್‌ನಿಂದ ಈಗಲೇ ಬರೆದಿಟ್ಟುಕೊಳ್ಳಿ.

ಉತ್ತರ 2

ಡೇಟಾಬೇಸ್ ಬಗ್ಗೆ ಒಂದು ಮಾತು ಉಳಿದಿತ್ತು. ಮೊದಲ ಲ್ಯಾಬ್ ತಪ್ಪಿಸಬೇಡಿ. ವೇಟ್‌ಲಿಸ್ಟ್ ಉದ್ದ ಇರುವ ವಿಷಯಗಳಲ್ಲಿ, ಮೊದಲ ವಾರ ಹೇಳದೆ ಗೈರಾದವರ ಹೆಸರು ತೆಗೆದು ಸಾಲಿನಲ್ಲಿ ಇರುವವರಿಗೆ ಕೊಡುವ ಅಧಿಕಾರ ಕೆಲವು ಕಡೆ ಬೋಧಕರಿಗೆ ಇರುತ್ತದೆ. ಬರಲಾಗದಿದ್ದರೆ ಮೊದಲೇ ಒಂದು ಸಾಲು ಬರೆದು ತಿಳಿಸಿ. ಹಾಗೆಯೇ 10ನೇ ತಾರೀಖಿನ ನಂತರ ಬ್ಯಾಚ್ 3ರ ಮೀಸಲು ಸೀಟುಗಳು ತೆರೆಯುತ್ತವೆ. ಬ್ಯಾಚ್ 1ರ ಸಾಲಿನಲ್ಲಿ ನಿಮ್ಮ ಪರಿಚಯದವರು ಯಾರಾದರೂ ಇದ್ದರೆ, ಬುಧವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು 11ರ ಬೆಳಿಗ್ಗೆಯೇ ಪೋರ್ಟಲ್ ನೋಡಲು ಹೇಳಿ.